ಕೆರೆಯ ಕೆಸರಿನಲ್ಲಿ ಕೂತ ಇಂಗಾಲ

ತಾರ್ನಾಕ ಎಂಬ ಹೆಸರು 'ತಾರ್' ಮತ್ತು 'ನಾಕಾ' ಸೇರಿ ಆದದ್ದು ಎಂದು ಇಲ್ಲಿನ ಹಳಬರು ಹೇಳುತ್ತಾರೆ. ತಂತಿಬೇಲಿ ಹಾಕಿದ ತೋಟ, ಅದರ ಬಾಗಿಲಲ್ಲೊಂದು ಕಾವಲು ಚೌಕಿ. ಇವತ್ತು ತೋಟವೂ ಇಲ್ಲ, ಬೇಲಿಯೂ ಇಲ್ಲ. ಒಂದು ಬದಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ, ಹತ್ತಿರದಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಐಸಿಟಿ, ಸ್ವಲ್ಪ ಮುಂದೆ ಹಬ್ಸಿಗುಡದಲ್ಲಿ ಸಿಸಿಎಂಬಿ, ಎನ್‌ಜಿಆರ್‌ಐ. ರಸ್ತೆಯ ಮೇಲೆ ಮೆಟ್ರೋ. ಬೆಳಿಗ್ಗೆ ತಾರ್ನಾಕದಲ್ಲಿ ಹತ್ತಿ ಹೈಟೆಕ್ ಸಿಟಿಯಲ್ಲಿ ಇಳಿಯುವ ಸಾವಿರಾರು ಐಟಿ ನೌಕರರಲ್ಲಿ ನಾನೂ ಒಬ್ಬ. ಇಳಿಯುವ ಮುಂಚಿನ ನಿಲ್ದಾಣದ ಹೆಸರು ದುರ್ಗಂ ಚೆರುವು. ಚೆರುವು ಎಂದರೆ ಕೆರೆ.

ಹೈದರಾಬಾದಿನಲ್ಲಿ ಕೆರೆಯ ಹೆಸರಿಲ್ಲದೆ ವಿಳಾಸ ಹೇಳುವುದು ಕಷ್ಟ. ನಮ್ಮ ಮನೆಯ ಆಸುಪಾಸನ್ನೇ ತೆಗೆದುಕೊಳ್ಳಿ. ನಾಚಾರಂನ ಪೆದ್ದ ಚೆರುವು, ರಾಮಂತಾಪುರದ ಚೆರುವು, ಉಪ್ಪಲ್‌ನ ನಲ್ಲ ಚೆರುವು, ಅಂಬರ್‌ಪೇಟೆಯ ಬತುಕಮ್ಮ ಕುಂಟ, ಅವುಗಳಾಚೆ ನಾಗೋಲಿನ ಬಳಿ ಮೂಸಿ ನದಿ. ನಮ್ಮ ಕುಂಟೆ ಇವರಿಗೆ ಕುಂಟ, ನಮ್ಮ ತೂಬು ಇವರಿಗೆ ತೂಮು, ನಮ್ಮ ಕಟ್ಟೆ ಇವರಿಗೆ ಕಟ್ಟ. ಭಾಷೆ ಬೇರೆಯಾದರೂ ಕೆರೆ ಕಟ್ಟಿದ ಬುದ್ಧಿ ಒಂದೇ.

ನಮ್ಮಂಥ ಫ್ಲಾಟ್‌ವಾಸಿಗಳಿಗೆ ಕೆರೆ ಎಂದರೆ ಸಾಮಾನ್ಯವಾಗಿ ಎರಡೇ ನೋಟ. ವಾಕಿಂಗ್ ಟ್ರ್ಯಾಕ್, ದೀಪ, ಕಾರಂಜಿ ಇದ್ದರೆ ಅದು 'ಲೇಕ್ ವ್ಯೂ', ಚದರ ಅಡಿಗೆ ಇಷ್ಟು ಹೆಚ್ಚು ಬೆಲೆ. ನಾತ, ಸೊಳ್ಳೆ, ಅಂತರಗಂಗೆ ಇದ್ದರೆ ಕಾರಿನ ಗಾಜು ಏರಿಸಿಕೊಂಡು ದಾಟಬೇಕಾದ ಜಾಗ. ಈ ಎರಡರ ಆಚೆ ಕೆರೆ ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸವಿದೆ. ಗಾಳಿಯಲ್ಲಿದ್ದ ಇಂಗಾಲವನ್ನು ಅದು ತನ್ನ ತಳದ ಕೆಸರಿನಲ್ಲಿ ಹೂತಿಡುತ್ತದೆ. ಆದರೆ ಹೂತಿಟ್ಟದ್ದು ಅಲ್ಲೇ ಉಳಿಯುತ್ತದೆಯೇ, ಇಲ್ಲ ಇನ್ನೂ ಕೆಟ್ಟ ಅನಿಲವಾಗಿ ಹೊರಬರುತ್ತದೆಯೇ ಎನ್ನುವುದು ನಾವು ಕೆರೆಗೆ ಏನನ್ನು ಬಿಡುತ್ತೇವೆ, ಅದರ ಅಂಚನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎನ್ನುವುದರ ಮೇಲಿದೆ. ಈ ಲೇಖನ ಹೇಳಬೇಕೆಂದಿರುವುದು ಇಷ್ಟನ್ನೇ.

ಕೊಳೆಯದೆ ಉಳಿಯುವ ಗುಟ್ಟು

ಗಿಡ ಯಾವುದೇ ಇರಲಿ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ, ಬಿಸಿಲಿನ ಬಲದಿಂದ ಎಲೆ, ಕಾಂಡ, ಬೇರು ಕಟ್ಟಿಕೊಳ್ಳುತ್ತದೆ. ಒಣನೆಲದಲ್ಲಿ ಆ ಎಲೆ ಉದುರಿದರೆ ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ತಿನ್ನುವಾಗ ಅವು ಆಮ್ಲಜನಕ ಬಳಸಿ ನಮ್ಮಂತೆಯೇ ಉಸಿರಾಡುತ್ತವೆ, ಇಂಗಾಲದ ಡೈಆಕ್ಸೈಡ್ ಮರಳಿ ಗಾಳಿಗೆ ಹೋಗುತ್ತದೆ. ಕೊಟ್ಟದ್ದು ಬಂತು, ಬಂದದ್ದು ಹೋಯಿತು. ಖಾತೆಯಲ್ಲಿ ಉಳಿಯುವುದು ಕಡಿಮೆ.

ಜೌಗು ನೆಲದಲ್ಲಿ ಈ ಸರಪಳಿ ಅರ್ಧಕ್ಕೆ ತುಂಡಾಗುತ್ತದೆ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು 10,000 ಪಟ್ಟು ನಿಧಾನ. ತಳದ ಕೆಸರಿನ ಮೇಲ್ಪದರದಲ್ಲಿರುವ ಜೀವಿಗಳು ಸಿಕ್ಕಷ್ಟು ಆಮ್ಲಜನಕವನ್ನು ಅಲ್ಲೇ ಮುಗಿಸುತ್ತವೆ. ಎಷ್ಟೋ ಕಡೆ ಕೆಲವೇ ಮಿಲಿಮೀಟರ್ ಕೆಳಗೆ ಹೋದರೆ ಆಮ್ಲಜನಕವೇ ಇಲ್ಲ. ಅಲ್ಲಿಗೆ ಇಳಿದ ಎಲೆ, ಜೊಂಡಿನ ಬೇರು, ಸತ್ತ ಪಾಚಿ ಎಲ್ಲವೂ ಅರೆಬರೆ ಕೊಳೆತು ನಿಂತುಬಿಡುತ್ತವೆ. ಮೇಲೆ ಹೊಸ ಹೂಳು ಕೂರುತ್ತದೆ, ಹಳೆಯದು ಇನ್ನೂ ಆಳಕ್ಕೆ ಹೋಗುತ್ತದೆ. ಊರಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿಯನ್ನು ಬಟ್ಟೆ ಕಟ್ಟಿ ಬಿಗಿ ಮಾಡುವುದು ನೆನಪಿದೆಯಲ್ಲ? ಗಾಳಿ ಆಡದಿದ್ದರೆ ಕೆಡುವುದು ನಿಧಾನ. ಕೆಸರಿನಲ್ಲೂ ಹಾಗೆಯೇ.

ಈ ಕೆಲಸ ಸಾವಿರಾರು ವರ್ಷ ನಡೆದರೆ ಏನಾಗುತ್ತದೆ ಎನ್ನುವುದಕ್ಕೆ ಪೀಟ್ ನೆಲಗಳೇ ಸಾಕ್ಷಿ. ತಂಪು ದೇಶಗಳಲ್ಲೂ ಉಷ್ಣವಲಯದ ಕೆಲವು ಕಡೆಗಳಲ್ಲೂ ಗಿಡಗಳ ಅರೆಕೊಳೆತ ಪದರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಂತೆ ಬೆಳೆದು ಹಲವು ಮೀಟರ್ ದಪ್ಪವಾಗಿದೆ. ಪೀಟ್ ನೆಲ ಇರುವುದು ಭೂಭಾಗದ ಶೇ 3ರಷ್ಟು ಮಾತ್ರ. ಅದರಲ್ಲಿ ಕೂತಿರುವ ಇಂಗಾಲ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು. ಆಫ್ರಿಕಾದ ಕಾಂಗೋ ಕಣಿವೆಯ ಒಂದೇ ಪೀಟ್ ಪ್ರದೇಶದಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಇದೆ ಎಂದು ವಿಜ್ಞಾನಿಗಳು ಲೆಕ್ಕಹಾಕಿದ್ದು 2017ರಲ್ಲಿ.

ನಮ್ಮ ಪಕ್ಕದ ನೀಲಗಿರಿಯಲ್ಲೂ ಇಂಥ ಸಣ್ಣ ಪೀಟ್ ಹಾಸುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅವನ್ನು ಕೊರೆದು, ಪದರ ಪದರವಾಗಿ ಇಂಗಾಲದ ಐಸೋಟೋಪುಗಳನ್ನು ಅಳೆದು, ಸುಮಾರು 20 ಸಾವಿರ ವರ್ಷಗಳ ಮಳೆ ಮತ್ತು ಬರದ ಚರಿತ್ರೆಯನ್ನು 1993ರಲ್ಲಿ ಪ್ರಕಟಿಸಿದರು. ಅಷ್ಟು ಹಿಂದೆ ಬೆಳೆದ ಹುಲ್ಲಿನ ಇಂಗಾಲ ಇನ್ನೂ ಅಲ್ಲೇ ಇದ್ದುದರಿಂದ ಈ ಓದು ಸಾಧ್ಯವಾಯಿತು.

ನೀರು ಬಸಿದು ಒಣಗಿಸಿದರೆ ಭರಣಿಯ ಮುಚ್ಚಳ ತೆಗೆದ ಹಾಗೆ. ಗಾಳಿ ಒಳಹೋಗುತ್ತದೆ, ನಿಂತಿದ್ದ ಕೊಳೆಯುವಿಕೆ ಮತ್ತೆ ಶುರುವಾಗುತ್ತದೆ. ಹೀಗೆ ಬಸಿದ ಪೀಟ್ ನೆಲಗಳಿಂದ ಹೊರಬರುವ ಇಂಗಾಲದ ಡೈಆಕ್ಸೈಡ್, ಮನುಷ್ಯರು ವರ್ಷಕ್ಕೆ ಹೊರಬಿಡುವುದರ ಶೇ 5ರ ಆಸುಪಾಸಿನಲ್ಲಿದೆ. 2015ರಲ್ಲಿ ಇಂಡೊನೇಷ್ಯಾದ ಒಣಗಿಸಿದ ಪೀಟ್ ನೆಲಗಳಿಗೆ ಬೆಂಕಿ ಬಿದ್ದಾಗ ಸಿಂಗಪುರ, ಮಲೇಷ್ಯಾದಲ್ಲೂ ವಾರಗಟ್ಟಲೆ ಹೊಗೆ ಮುಸುಕಿತ್ತು.

ಮೀಥೇನ್ ಎಂಬ ತಕರಾರು

ಇಷ್ಟು ಓದಿದವರಿಗೆ ಜೌಗೆಲ್ಲ ಒಳ್ಳೆಯದು ಎನ್ನಿಸಬಹುದು. ಲೆಕ್ಕ ಅಷ್ಟು ಸುಲಭವಿಲ್ಲ.

ಆಮ್ಲಜನಕ ಮುಗಿದ ಮೇಲೂ ಕೆಸರಿನ ಜೀವಿಗಳು ಹಸಿದಿರುತ್ತವೆ. ಆಮ್ಲಜನಕಕ್ಕೆ ಬದಲಿಯಾಗಿ ಅವು ಒಂದೊಂದೇ ವಸ್ತುವನ್ನು ಬಳಸುತ್ತ ಹೋಗುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಆಮೇಲೆ ಸಲ್ಫೇಟ್. ಇದೂ ಮುಗಿದಾಗ ಕೊನೆಯ ಪಂಕ್ತಿಗೆ ಕೂರುವವರು ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಯವರು ಎಷ್ಟು ಉಳಿಸುತ್ತಾರೆ ಎನ್ನುವುದರ ಮೇಲೆ ಕೊನೆಯ ಪಂಕ್ತಿಯ ಊಟ ನಿಂತಿರುತ್ತದಲ್ಲ, ಹಾಗೆ.

ಮೀಥೇನ್ ಸಾಮಾನ್ಯ ಅನಿಲವಲ್ಲ. ತೂಕಕ್ಕೆ ತೂಕ ಹೋಲಿಸಿದರೆ ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಜಗತ್ತಿನಲ್ಲಿ ಮೀಥೇನಿನ ಅತಿದೊಡ್ಡ ನೈಸರ್ಗಿಕ ಮೂಲ ಜೌಗು ನೆಲಗಳೇ. ಭೂಮಿ ಬಿಸಿಯಾದಂತೆ ಈ ಜೀವಿಗಳ ಚಟುವಟಿಕೆಯೂ ಹೆಚ್ಚುತ್ತದೆ ಎನ್ನುವುದು ವಿಜ್ಞಾನಿಗಳ ಇನ್ನೊಂದು ಚಿಂತೆ.

ಹಾಗಾದರೆ ಜೌಗು ನೆಲ ಹವಾಮಾನಕ್ಕೆ ಸ್ನೇಹಿತನೋ ವೈರಿಯೋ? ಕಾಲವನ್ನು ಸೇರಿಸಿಕೊಂಡರೆ ಉತ್ತರ ಸಿಗುತ್ತದೆ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸರಾಸರಿ ಹನ್ನೆರಡು ವರ್ಷದಷ್ಟು. ಹೂತ ಇಂಗಾಲ ಶತಮಾನಗಟ್ಟಲೆ ಉಳಿಯುತ್ತದೆ, ವರ್ಷ ವರ್ಷವೂ ಸೇರುತ್ತ ಹೋಗುತ್ತದೆ. ನಮ್ಮ ಪಿಎಫ್ ಖಾತೆಯ ಹಾಗೆ, ಶುರುವಿನಲ್ಲಿ ಸಣ್ಣದು, ಮೂವತ್ತು ವರ್ಷಕ್ಕೆ ನೋಡಿದರೆ ದೊಡ್ಡದು. ಆದ್ದರಿಂದ ಹಳೆಯ, ಆರೋಗ್ಯವಂತ ಜೌಗು ನೆಲ ಒಟ್ಟಾರೆ ಭೂಮಿಯನ್ನು ತಂಪಾಗಿಡುವ ಕಡೆಗೇ ಇರುತ್ತದೆ. ಹೊಸದಾಗಿ ಮಾಡಿದ ಜೌಗು ಆ ಸ್ಥಿತಿಗೆ ಬರಲು ಹಲವು ದಶಕ ಬೇಕಾಗಬಹುದು. ಹಳೆಯದನ್ನು ಮುಚ್ಚಿ 'ಬೇರೆ ಕಡೆ ಹೊಸದು ಮಾಡುತ್ತೇವೆ' ಎನ್ನುವ ಮಾತು ಲೆಕ್ಕಕ್ಕೆ ನಿಲ್ಲದಿರುವುದು ಇದಕ್ಕೇ.

ಅಘನಾಶಿನಿಯ ಉಪ್ಪುನೀರು

ನನ್ನ ಅಮ್ಮನ ತವರು ಕುಮಟಾ ಕಡೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಸಮುದ್ರ ಇಳಿತದ ಹೊತ್ತಿಗೆ ಗಜನಿಯ ಕಡೆಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿತ್ತು. ಮೇಲೆ ಹೇಳಿದ ಪಂಕ್ತಿಯಲ್ಲಿ ಆ ವಾಸನೆಗೂ ಜಾಗವಿದೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳ. ಅದನ್ನು ಬಳಸುವ ಬ್ಯಾಕ್ಟೀರಿಯಾಗಳು ಹೈಡ್ರೊಜನ್ ಸಲ್ಫೈಡ್ ಬಿಡುತ್ತವೆ, ಅದರದೇ ಆ ನಾತ. ಅವು ಮೊದಲೇ ಉಂಡು ಮುಗಿಸುವುದರಿಂದ ಮೀಥೇನ್ ಮಾಡುವವರಿಗೆ ಉಳಿಯುವುದು ಕಡಿಮೆ. ಹಾಗಾಗಿ ಉಪ್ಪುನೀರಿನ ಜೌಗು ಇಂಗಾಲವನ್ನೂ ಹೂಳುತ್ತದೆ, ಮೀಥೇನನ್ನೂ ಕಡಿಮೆ ಬಿಡುತ್ತದೆ. ಕಾಂಡ್ಲಾ ಕಾಡುಗಳ ಬಗ್ಗೆ ಜಗತ್ತು ಇಷ್ಟು ಮಾತಾಡುವುದಕ್ಕೆ ಇದೊಂದು ಕಾರಣ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ತೀರಗಳ ಕಾಂಡ್ಲಾ ಕಾಡುಗಳಲ್ಲಿ ಹೆಕ್ಟೇರಿಗೆ ಸರಾಸರಿ ಸಾವಿರ ಟನ್ನಿನಷ್ಟು ಇಂಗಾಲ ಇದೆ, ಅದರ ಬಹುಪಾಲು ಮರದಲ್ಲಿಲ್ಲ, ಕೆಳಗಿನ ಕೆಸರಿನಲ್ಲಿದೆ ಎಂದು 2011ರ ಒಂದು ಅಧ್ಯಯನ ತೋರಿಸಿತು.

ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ತದಡಿಯ ಬಳಿ ಕಡಲು ಸೇರುವ ನದಿ ಅಘನಾಶಿನಿ. ಅದರ ಅಳಿವೆಯಲ್ಲಿ ಕಾಂಡ್ಲಾ ಇದೆ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತದ ಗಜನಿ ಗದ್ದೆಗಳಿವೆ, ಚಿಪ್ಪಿಕಲ್ಲು ಆರಿಸಿ ಬದುಕುವ ಸಾವಿರಾರು ಕುಟುಂಬಗಳಿವೆ. ಇದೇ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಿತ್ತು. ಊರವರ ವಿರೋಧದ ನಡುವೆ ಅದು ನಿಂತುಹೋಯಿತು. ಇಂಗಾಲ ಹೂಳುವ ಜಾಗದಲ್ಲೇ ಇಂಗಾಲ ಉಗುಳುವ ಚಿಮಣಿ ನಿಲ್ಲಬೇಕಿತ್ತು ಎನ್ನುವುದನ್ನು ನೆನೆದರೆ ವಿಚಿತ್ರವೆನಿಸುತ್ತದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣವಾಯಿತು. ಅದರ ಜೊತೆಗೇ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗೂ ಆ ಮನ್ನಣೆ ಸಿಕ್ಕಿತು. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿ ಇದು.

ಗಮನಿಸಿ, ಕೊನೆಯ ಎರಡೂ ಮನುಷ್ಯರು ಕಟ್ಟಿದ ಕೆರೆಗಳು. ಅಲ್ಲಿಂದ ಮತ್ತೆ ಬಯಲುಸೀಮೆಗೆ, ನಮ್ಮ ಡೆಕ್ಕನ್ನಿಗೆ ಬರೋಣ.

ಕಟ್ಟಿದ ಕೆರೆಯ ಖಾತೆ

ಡೆಕ್ಕನ್ ಪ್ರಸ್ಥಭೂಮಿಯಲ್ಲಿ ತಾನಾಗಿ ಆದ ಸರೋವರಗಳು ಕಡಿಮೆ. ಬಂಡೆಯ ನಾಡು, ನಾಲ್ಕು ತಿಂಗಳ ಮಳೆ. ಇಳಿಜಾರಿಗೆ ಅಡ್ಡ ಏರಿ ಹಾಕಿ, ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಹೋಗುವಂತೆ ಸರಮಾಲೆ ಮಾಡಿದರು. ಹುಸೇನ್ ಸಾಗರ ಆದದ್ದು 16ನೇ ಶತಮಾನದಲ್ಲಿ, ಇಬ್ರಾಹಿಂ ಕುತುಬ್ ಷಾನ ಕಾಲಕ್ಕೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತಾಗ ನಿಜಾಮರು ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಗಡೆಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದವು ಎಂಬುದನ್ನು ಅವರು ಲೆಕ್ಕಹಾಕಿದರು. ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ಕೆರೆಗಳ ಸರಪಳಿಯನ್ನು ಒಂದೇ ಯಂತ್ರವೆಂದು ನೋಡಬೇಕು, ಒಂದು ಕೊಂಡಿ ಕಳಚಿದರೆ ಕೆಳಗಿನವರೆಲ್ಲ ಅನುಭವಿಸಬೇಕು ಎಂಬ ಪಾಠ ನಗರಕ್ಕೆ ಆಗಲೇ ಸಿಕ್ಕಿತ್ತು.

ಇಂಥ ಸಣ್ಣ ಕೆರೆಗಳು ಇಂಗಾಲದ ಖಾತೆಯಲ್ಲಿ ಸಣ್ಣವಲ್ಲ. ಸುತ್ತಲ ಹೊಲಗಳ ಮೇಲ್ಮಣ್ಣು, ಎಲೆ, ಗೊಬ್ಬರ ಎಲ್ಲವೂ ಮಳೆಯಲ್ಲಿ ಕೊಚ್ಚಿ ಬಂದು ಇವುಗಳಲ್ಲೇ ಕೂರುತ್ತವೆ. ಅಮೆರಿಕದ ಅಯೋವಾ ರಾಜ್ಯದ ಕೃಷಿ ಕೊಳ ಮತ್ತು ಜಲಾಶಯಗಳನ್ನು ಅಳೆದ 2008ರ ಅಧ್ಯಯನವೊಂದು, ಚದರ ಮೀಟರಿನ ಲೆಕ್ಕದಲ್ಲಿ ಇವು ಹೂಳುವ ಇಂಗಾಲ ಸಮುದ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚೆಂದು ಕಂಡಿತು.

ನಮ್ಮ ಹಿರಿಯರಿಗೆ ಇಂಗಾಲದ ಹೆಸರು ಗೊತ್ತಿರಲಿಲ್ಲ, ಗೋಡುಮಣ್ಣಿನ ಬೆಲೆ ಗೊತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಹೂಳು ತುಂಬಿ ಹೊಲಕ್ಕೆ ಹರಡುತ್ತಿದ್ದರು. ಕೆರೆಯ ಹೊಟ್ಟೆ ಖಾಲಿಯಾಗುತ್ತಿತ್ತು, ಹೊಲಕ್ಕೆ ಸಾರ ಬರುತ್ತಿತ್ತು, ಮಣ್ಣಿನ ಸಾವಯವ ಅಂಶ ಮಣ್ಣಿಗೇ ಮರಳುತ್ತಿತ್ತು. ತೆಲಂಗಾಣ ಸರ್ಕಾರ 2015ರಲ್ಲಿ ಶುರುಮಾಡಿದ ಮಿಷನ್ ಕಾಕತೀಯ ಯೋಜನೆ 46 ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಸರಿಪಡಿಸುವ ಗುರಿ ಇಟ್ಟುಕೊಂಡು, ಹೂಳನ್ನು ರೈತರ ಹೊಲಕ್ಕೆ ಒಯ್ಯಲು ಹೇಳಿದ್ದು ಈ ಹಳೆಯ ಪದ್ಧತಿಯ ಮುಂದುವರಿಕೆಯೇ. ಹಳ್ಳಿಯ ಕೆರೆಯಲ್ಲಿ ಇದು ಸರಿ. ನಗರದ ಕೆರೆಯ ಹೂಳಿನಲ್ಲಿ ಕಾರ್ಖಾನೆಯ ಭಾರಲೋಹಗಳಿದ್ದರೆ ಅದನ್ನು ಯಾವ ಹೊಲಕ್ಕೂ ಒಯ್ಯುವಂತಿಲ್ಲ. ಕೆರೆ ಮತ್ತು ಹೊಲದ ನಡುವಿನ ಕೊಡುಕೊಳ್ಳುವಿಕೆ ಅಲ್ಲಿಗೆ ಮುರಿಯುತ್ತದೆ.

ಕೊಳಚೆ ಸೇರಿದರೆ ಏನಾಗುತ್ತದೆ

ಕೆರೆಗೆ ಕೊಳಚೆ ಬಿಟ್ಟಾಗ ನಾವು ಕೆಸರಿನ ಜೀವಿಗಳಿಗೆ ಹಬ್ಬದೂಟ ಬಡಿಸಿದಂತೆ. ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ. ಸಾರಜನಕ, ರಂಜಕ ಹೆಚ್ಚಾಗಿ ಪಾಚಿ ಮತ್ತು ಅಂತರಗಂಗೆ ನೀರನ್ನು ಮುಚ್ಚುತ್ತವೆ. ಅವು ಸತ್ತು ತಳಕ್ಕೆ ಇಳಿದರೆ ಮತ್ತಷ್ಟು ಊಟ. ಸಿಹಿನೀರಾದ್ದರಿಂದ ಸಲ್ಫೇಟಿನ ಕಾವಲೂ ಕಡಿಮೆ. ಕೊನೆಯ ಪಂಕ್ತಿಯ ಮೀಥೇನ್ ತಯಾರಕರಿಗೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಇಲ್ಲ. ಇಂಥ ಕೆರೆಯ ದಂಡೆಯಲ್ಲಿ ನಿಂತರೆ ನೀರಿನ ಮೇಲೆ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ.

ಎಷ್ಟು ಮೀಥೇನ್? ನನ್ನ ವೃತ್ತಿಯ ಅಭ್ಯಾಸದಂತೆ ಒಂದು ಸ್ಪ್ರೆಡ್‌ಶೀಟ್ ತೆರೆದು ಕೂತೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ದೇಶಗಳು ಲೆಕ್ಕ ಹಾಕಲೆಂದು ಕೊಟ್ಟಿರುವ ಸೂತ್ರಗಳಿವೆ. ಭಾರತದಲ್ಲಿ ಒಬ್ಬ ವ್ಯಕ್ತಿಯ ಕೊಳಚೆಯಲ್ಲಿ ದಿನಕ್ಕೆ 34 ಗ್ರಾಂ ಬಿಒಡಿ, ಅಂದರೆ ಕೊಳೆಯಲು ಅಷ್ಟು ಆಮ್ಲಜನಕ ಬೇಡುವ ವಸ್ತು, ಇರುತ್ತದೆ ಎಂದು ಅದರ ಅಂದಾಜು. ಒಂದು ಕಿಲೋ ಬಿಒಡಿಯಿಂದ ಹೆಚ್ಚೆಂದರೆ 0.6 ಕಿಲೋ ಮೀಥೇನ್. ಶುದ್ಧೀಕರಿಸದ ಕೊಳಚೆ ಕೆರೆಗೆ ಹೋದರೆ ಅದರ ಶೇ 19ರಷ್ಟು ನಿಜವಾಗಿ ಮೀಥೇನ್ ಆಗುತ್ತದೆ. ಈಗ ಸಾವಿರ ಜನರ ಒಂದು ಕಾಲೊನಿ ಎಂದುಕೊಳ್ಳಿ. ದಿನಕ್ಕೆ 34 ಕಿಲೋ ಬಿಒಡಿ, ಸುಮಾರು 3.9 ಕಿಲೋ ಮೀಥೇನ್. ವರ್ಷಕ್ಕೆ 1,400 ಕಿಲೋ. ಅದನ್ನು 28ರಿಂದ ಗುಣಿಸಿದರೆ ಸುಮಾರು 40 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಬರುವುದು 2.3 ಕಿಲೋ. ಅಂದರೆ ಆ ಕಾಲೊನಿಯ ಕೊಳಚೆ ಕೆರೆಗೆ ಹರಿದು ಮಾಡುವ ಬಿಸಿ, ವರ್ಷಕ್ಕೆ 17 ಸಾವಿರ ಲೀಟರ್ ಪೆಟ್ರೋಲ್ ಸುಟ್ಟಷ್ಟು.

ಇದು ಸರಾಸರಿ ಸೂತ್ರದ ಲೆಕ್ಕ, ಯಾವುದೋ ಒಂದು ಕೆರೆಯಲ್ಲಿ ಅಳೆದದ್ದಲ್ಲ. ಆದರೂ ಗಾತ್ರದ ಅಂದಾಜು ಸಿಗುತ್ತದೆ. ಇಂಗಾಲ ಹೂಳಬೇಕಿದ್ದ ಕೆರೆ ಹೀಗೆ ಮೀಥೇನ್ ಕಾರುವ ಒಲೆಯಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015, 2017, 2018ರಲ್ಲಿ ಬೆಂಕಿ ಹತ್ತಿಕೊಂಡದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ನೊರೆ, ಎಣ್ಣೆ, ಒಣಗಿದ ಕಳೆ, ಸುರಿದ ಕಸ ಇವುಗಳ ಜೊತೆಗೆ ಕೊಳಚೆಯಿಂದೇಳುವ ಮೀಥೇನಿನ ಹೆಸರೂ ಆಗ ಕೇಳಿಬಂದಿತ್ತು.

2020ರ ಅಕ್ಟೋಬರ್ ಮತ್ತು ಒಂದು ಕುಂಟೆ

ಇಂಗಾಲದ ಲೆಕ್ಕ ದೂರದ್ದು ಎನ್ನಿಸಿದರೆ ನೀರಿನ ಲೆಕ್ಕ ಹತ್ತಿರದ್ದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು, ಸುರಿಯುವಾಗ ಒಮ್ಮೆಲೇ ಸುರಿಯಬಲ್ಲದು. 2020ರ ಅಕ್ಟೋಬರ್ 13ರಂದು ನಮ್ಮ ಪೂರ್ವಕ್ಕಿರುವ ಘಟಕೇಸರ ಭಾಗದಲ್ಲಿ ಒಂದೇ ದಿನ 32 ಸೆಂಟಿಮೀಟರ್ ಮಳೆ ದಾಖಲಾಯಿತು. ಹಬ್ಸಿಗುಡ, ರಾಮಂತಾಪುರದ ತಗ್ಗಿನ ಕಾಲೊನಿಗಳಲ್ಲಿ ನೀರು ಮನೆಯೊಳಗೆ ನುಗ್ಗಿತು. ಕೋವಿಡ್ ಕಾಲ, ಎಲ್ಲರೂ ಮನೆಯಿಂದಲೇ ಕೆಲಸ. ಹಬ್ಸಿಗುಡದಲ್ಲಿದ್ದ ನನ್ನ ಸಹೋದ್ಯೋಗಿಯ ಕುಟುಂಬ ಮೂರು ದಿನ ನಮ್ಮಲ್ಲಿತ್ತು. ಅವರ ಮುಖ್ಯ ದುಃಖ ಫ್ರಿಜ್, ಸೋಫಾ ಹೋದದ್ದಲ್ಲ, ಮಗಳ ಪುಸ್ತಕಗಳೆಲ್ಲ ಕೊಳಚೆನೀರಿನಲ್ಲಿ ನೆನೆದದ್ದು. ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತ್ತು, ದಾರಿಯಲ್ಲಿ ಈಗ ಮನೆಗಳಿದ್ದವು. ಏರಿ, ಕೋಡಿ, ಅಂಚಿನ ಜೊಂಡು ಇರುವ ಕೆರೆ ಮಳೆನೀರನ್ನು ಹಿಡಿದು ನಿಧಾನವಾಗಿ ಬಿಡುತ್ತದೆ. ಹವಾಮಾನ ಬದಲಾವಣೆಯನ್ನು ತಗ್ಗಿಸುವ ಜಾಗವೇ ಅದರ ಪೆಟ್ಟನ್ನು ತಡೆಯುವ ಜಾಗವೂ ಆಗಿದೆ.

ಮುಚ್ಚಿದ ಕೆರೆ ಮತ್ತೆ ಬರಬಲ್ಲದು ಎನ್ನುವುದಕ್ಕೆ ಉದಾಹರಣೆ ನಮ್ಮಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿದೆ. ಅಂಬರ್‌ಪೇಟೆಯ ಬತುಕಮ್ಮ ಕುಂಟ ಕಟ್ಟಡದ ಅವಶೇಷ, ಮಣ್ಣು, ಮುಳ್ಳುಗಿಡದ ಕೆಳಗೆ ಹೂತುಹೋಗಿತ್ತು. 2024ರಲ್ಲಿ ರಚನೆಯಾದ ಹೈಡ್ರಾ ಸಂಸ್ಥೆ 2025ರ ಆರಂಭದಲ್ಲಿ ಅಲ್ಲಿ ಅಗೆಸಿದಾಗ ಕೆಲವೇ ಅಡಿಗೆ ನೀರು ಉಕ್ಕಿತು. ಅದೇ ವರ್ಷ ಬತುಕಮ್ಮ ಹಬ್ಬದ ಹೊತ್ತಿಗೆ ಕುಂಟೆ ತೆರೆಯಿತು. ಹೂವಿನ ಗೋಪುರವನ್ನು ನೀರಿನಲ್ಲಿ ಬಿಡುವ ಹಬ್ಬದ ಹೆಸರಿದ್ದೂ ನೀರೇ ಇಲ್ಲದೆ ಇದ್ದ ಕುಂಟೆಯಲ್ಲಿ ಹೆಂಗಸರು ಮತ್ತೆ ಹೂವು ಬಿಟ್ಟರು. ನಾಲ್ಕೈದು ಎಕರೆಯ ಈ ಕುಂಟೆಯಿಂದ ಭೂಮಿಯ ಬಿಸಿ ಇಳಿಯುವುದಿಲ್ಲ. ಆದರೆ ಮಣ್ಣಿನ ಕೆಳಗೆ ಸೆಲೆ ಇನ್ನೂ ಬದುಕಿರುತ್ತದೆ ಎಂದು ಅದು ತೋರಿಸಿಕೊಟ್ಟಿತು.

ಕಾಗದದ ಮೇಲೆ ಕೆರೆ ಎಲ್ಲಿದೆ

ಇಸ್ರೋ ಉಪಗ್ರಹ ಚಿತ್ರಗಳಿಂದ ತಯಾರಿಸಿದ ರಾಷ್ಟ್ರೀಯ ಜೌಗುಭೂಮಿ ನಕಾಶೆ 2011ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 1.52 ಕೋಟಿ ಹೆಕ್ಟೇರ್ ಜೌಗುಭೂಮಿಯಿದೆ. 2.25 ಹೆಕ್ಟೇರಿಗಿಂತ ದೊಡ್ಡವು 2,01,503. ಈ ಎಣಿಕೆಯಲ್ಲಿ ಕಟ್ಟಿದ ಕೆರೆಗಳೂ ಇವೆ. ಅದೇ ದೇಶದ 2017ರ ಜೌಗುಭೂಮಿ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳನ್ನು ಓದಿ ನೋಡಿ. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗಾಗಿ ಮನುಷ್ಯರು ಕಟ್ಟಿದ ಕೆರೆ, ನೀರಾವರಿ, ಮೀನು ಸಾಕಣೆ, ಉಪ್ಪು ತಯಾರಿಕೆ, ವಿಹಾರಕ್ಕಾಗಿ ಮಾಡಿದ ರಚನೆಗಳು ಜೌಗುಭೂಮಿಯ ವ್ಯಾಖ್ಯೆಯಿಂದ ಹೊರಗೆ. ಡೆಕ್ಕನ್ನಿನ ಕೆರೆಗಳಲ್ಲಿ ಹೆಚ್ಚಿನವು ಕಟ್ಟಿದ್ದೇ ನೀರಾವರಿಗೆ. ಬಾತುಕೋಳಿಗೆ, ಜೊಂಡಿಗೆ, ಕೆಸರಿನ ಬ್ಯಾಕ್ಟೀರಿಯಾಗೆ ಅದು ಜೌಗು. ಈ ನಿಯಮಕ್ಕೆ ಮಾತ್ರ ಅಲ್ಲ.

ರಾಜ್ಯದ ಬೇರೆ ನಿಯಮಗಳು ಇಲ್ಲವೆಂದಲ್ಲ. ತೆಲಂಗಾಣದಲ್ಲಿ ಕೆರೆಯ ಪೂರ್ಣ ನೀರಿನ ಮಟ್ಟಕ್ಕೆ 'ಎಫ್‌ಟಿಎಲ್' ಎನ್ನುತ್ತಾರೆ. 10 ಹೆಕ್ಟೇರಿಗಿಂತ ದೊಡ್ಡ ಕೆರೆಗೆ ಅದರಾಚೆ 30 ಮೀಟರ್, ಸಣ್ಣದಕ್ಕೆ 9 ಮೀಟರ್ ಕಟ್ಟಡವಿಲ್ಲದ ಪಟ್ಟಿ ಬಿಡಬೇಕು. ಈ ಪಟ್ಟಿಯೇ ಜೊಂಡು ಬೆಳೆಯುವ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ತೇಲುವ ಅಂಚು. ಇಂಗಾಲ ಹೂಳುವ ಕೆಲಸದ ದೊಡ್ಡ ಪಾಲು ಇಂಥ ಅಂಚಿನಲ್ಲೇ ನಡೆಯುತ್ತದೆ. ಕೆರೆ ಅಭಿವೃದ್ಧಿ ಎಂದು ಬಂದಾಗ ಮೊದಲು ಕಲ್ಲು, ಕಾಂಕ್ರೀಟು ಬೀಳುವುದೂ ಅಲ್ಲಿಯೇ.

ನಾವು ಕೇಳಬೇಕಾದದ್ದು

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಒಂದು ಸರಳ ಏರ್ಪಾಟಿದೆ. ದಿನಕ್ಕೆ ಸುಮಾರು ಒಂದು ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಘಟಕದಿಂದ ಹೊರಟ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆಸಿದ ಜೌಗಿನ ಮೂಲಕ ನಿಧಾನವಾಗಿ ಹಾಯುತ್ತದೆ. ಉಳಿದ ಸಾರಜನಕ, ರಂಜಕದ ಒಂದಷ್ಟನ್ನು ಜೊಂಡು ಹೀರುತ್ತದೆ. ಆಮೇಲೆ ಕೆರೆ. ಇದಕ್ಕೆ ನಿರ್ವಹಣೆ ಬೇಕು, ಜೊಂಡನ್ನು ಕಾಲಕಾಲಕ್ಕೆ ಕತ್ತರಿಸಬೇಕು. ಆದರೆ ಯಂತ್ರ, ಕೆಸರು, ಕೆರೆ ಮೂರೂ ತಮ್ಮ ತಮ್ಮ ಕೆಲಸ ಮಾಡುವ ಕ್ರಮ ಇದು.

ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಹತ್ತಿರದ ಕೆರೆಯ ಸುಂದರೀಕರಣಕ್ಕಾಗಿ ಮನವಿ ಕೊಡುವ ಮಾತು ಬಂದಾಗ, ಪಟ್ಟಿಯಲ್ಲಿ ಇದ್ದದ್ದು ದೀಪ, ಬೆಂಚು, ಕಾರಂಜಿ, ಓಪನ್ ಜಿಮ್. ನಾನು ಮೂರು ಸಾಲು ಸೇರಿಸಲು ಕೇಳಿದೆ. ಕೆರೆಗೆ ಬರುವ ಪ್ರತಿ ಚರಂಡಿಯಲ್ಲಿ ಏನು ಹರಿಯುತ್ತಿದೆ ಎಂದು ಪರೀಕ್ಷಿಸಿ ಫಲಕದಲ್ಲಿ ಹಾಕಬೇಕು. ದಂಡೆಯ ಒಂದು ಭಾಗವನ್ನಾದರೂ ಕಲ್ಲು ಕಟ್ಟದೆ ಜೊಂಡಿಗೆ ಬಿಡಬೇಕು. ಎಫ್‌ಟಿಎಲ್ ಗುರುತಿನ ಕಲ್ಲುಗಳನ್ನು ಎಲ್ಲರಿಗೂ ಕಾಣುವಂತೆ ನೆಡಬೇಕು. ಎರಡನೆಯದಕ್ಕೆ ತಕ್ಷಣ ಆಕ್ಷೇಪ ಬಂತು. "ಜೊಂಡು ಬಿಟ್ಟರೆ ಹಾವು ಬರೋದಿಲ್ವಾ ಸಾರ್?" ಎಂದು ಕೇಳಿದವರು ರಾಯಚೂರಿನವರು. ಬರಬಹುದು, ಕಪ್ಪೆಯೂ ಬರುತ್ತದೆ, ಸೊಳ್ಳೆ ಮರಿ ತಿನ್ನುವ ಮೀನೂ ಬರುತ್ತದೆ ಎಂದೆ. ಅರ್ಧ ಗಂಟೆ ಚರ್ಚೆಯಾಗಿ ಮೊದಲನೆಯದು ಮತ್ತು ಮೂರನೆಯದು ಮನವಿಯಲ್ಲಿ ಸೇರಿದವು. ಎರಡನೆಯದು ಮುಂದಿನ ಸಭೆಗೆ ಹೋಗಿದೆ.

ಜಗತ್ತಿನ ಜೌಗು ನೆಲಗಳಲ್ಲಿ ಶೇ 35ರಷ್ಟು 1970ರಿಂದ 2015ರ ನಡುವೆ ಕಳೆದುಹೋಗಿವೆ ಎಂದು ರಾಮ್ಸಾರ್ ಒಪ್ಪಂದದ 2018ರ ವರದಿ ಹೇಳಿತು. ಕಾಡು ಕಡಿದರೆ ಫೋಟೋ ಬರುತ್ತದೆ. ಕೆಸರು ಒಣಗಿದರೆ ಯಾರೂ ಫೋಟೋ ತೆಗೆಯುವುದಿಲ್ಲ. ಪುಣೆ, ಚೆನ್ನೈ, ಮುಂಬೈ, ದೆಹಲಿ ಎಲ್ಲೇ ಇರಿ, ನಿಮ್ಮ ಕಾಲೊನಿಯ ಹತ್ತಿರವೂ ಒಂದು ತಲಾಬ್, ಏರಿ ಅಥವಾ ಕಾಂಡ್ಲಾದ ತುಣುಕು ಇರುತ್ತದೆ. ಮುಂದಿನ ಭಾನುವಾರ ಅದರ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಗುಳ್ಳೆ ಏಳುತ್ತಿದೆಯೇ, ಅಂಚಿನಲ್ಲಿ ಜೊಂಡಿದೆಯೇ ನೋಡಿ. ಆಮೇಲೆ ನಿಮ್ಮ ಮನೆಯ ಕೊಳಚೆ ಪೈಪು ಕೊನೆಗೆ ಎಲ್ಲಿ ಮುಟ್ಟುತ್ತದೆ ಎಂದು ಅಸೋಸಿಯೇಷನ್ನಿನಲ್ಲಿ ಕೇಳಿ. ಉತ್ತರ ಸಿಗಲು ಸ್ವಲ್ಪ ದಿನ ಹಿಡಿಯಬಹುದು, ಕೇಳುವುದನ್ನು ಬಿಡಬೇಡಿ.